ಆಕಾಶದಲ್ಲಿ ಮೂರು ಎಕರೆ: ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಅಮ್ಮನ ಜೊತೆ

ಮೊದಲ ದಿನ

ಸಿಂಗಪುರಕ್ಕೆ ಹೋಗೋಣ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮೂರು ಕಟ್ಟಡದ ತಲೆ ಮೇಲೆ ದೋಣಿ ಇಟ್ಟಿದಾರಲ್ಲ, ಅಲ್ಲಿ ಉಳ್ಕೊಳ್ಳೋಕೆ ಆಗುತ್ತಾ?" ಟೀವಿಯಲ್ಲಿ ಎಲ್ಲೋ ನೋಡಿದ್ದಳಂತೆ. ಆಗುತ್ತೆ ಅಂದೆ. ಅದು ಕ್ಯಾಸಿನೊ ಇರುವ ಹೋಟೆಲ್ ಅಂತ ಮಾತ್ರ ಹೇಳಲಿಲ್ಲ.

ಹೇಳದಿರಲು ಕಾರಣ ಇತ್ತು. ನಮ್ಮ ಮನೆಯಲ್ಲಿ ಇಸ್ಪೀಟು ಅನ್ನುವ ಮಾತು ಆಡುವ ಹಾಗಿಲ್ಲ. ತಿಪಟೂರಿನ ಹತ್ತಿರ ಅಮ್ಮನ ತವರಿನಲ್ಲಿ ಮೂರು ಎಕರೆ ತೆಂಗಿನ ತೋಟ ಇತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅದು ಬೇರೆಯವರ ಪಾಲಾಯಿತು. ಸೋದರಮಾವ ಒಂದೇ ರಾತ್ರಿ ಕಳೆದಿದ್ದಲ್ಲ. ನಾಲ್ಕೈದು ವರ್ಷ, ಒಂದೊಂದೇ ಸಾಲವಾಗಿ ಹೋಗಿದ್ದು. ಮಾವ ಒಳ್ಳೆಯವರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು. ತೋಟ ಹೋದ ಮೇಲೆ ಅಮ್ಮ ಅವರ ಜೊತೆ ಮದುವೆ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಮಾತಾಡಿದ್ದು ನಾನು ನೋಡಿಲ್ಲ.

ನವೆಂಬರ್‌ನ ಒಂದು ರಾತ್ರಿ ಬೆಂಗಳೂರಿನಿಂದ ಹೊರಟೆವು. ನಾಲ್ಕೂವರೆ ಗಂಟೆಯ ಹಾರಾಟ. ಇಳಿದಾಗ ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಬೇಕು. ಹಾಗಾಗಿ ನಿದ್ದೆ ಅನ್ನೋದು ಹೆಚ್ಚುಕಮ್ಮಿ ಸಿಗುವುದೇ ಇಲ್ಲ. ಮೊದಲ ರಾತ್ರಿಗೆ ಲಿಟಲ್ ಇಂಡಿಯಾದಲ್ಲಿ ಒಂದು ಸಣ್ಣ ಹೋಟೆಲ್ ಹಿಡಿದಿದ್ದೆ. ದೊಡ್ಡ ಹೋಟೆಲಿನಲ್ಲಿ ಎರಡೇ ರಾತ್ರಿ. ಒಂದು ರಾತ್ರಿಯ ಬಾಡಿಗೆಯೇ ಐವತ್ತು ಸಾವಿರ ರೂಪಾಯಿ ದಾಟಿತ್ತು. ಅದಕ್ಕಾಗಿ ಎರಡು ವರ್ಷ ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದೆ.

ಸೆರಂಗೂನ್ ರಸ್ತೆಯ ಕೋಮಲ ವಿಲಾಸ್‌ನಲ್ಲಿ ಇಡ್ಲಿ ತಿಂದೆವು. 1947ರಿಂದ ಇರುವ ಹೋಟೆಲು. ಕಾಫಿ ಕುಡಿದು ಅಮ್ಮ ನಿರಾಳವಾದಳು. ಮಧ್ಯಾಹ್ನ ಪೂರ್ತಿ ನಿದ್ದೆ.

ಸಂಜೆ ಮೆರ್ಲಯನ್ ನೋಡಲು ಹೋದೆವು. ಸಿಂಹದ ತಲೆ, ಮೀನಿನ ಮೈ, ಬಾಯಿಂದ ನೀರು. 1972ರಲ್ಲಿ ನಿಲ್ಲಿಸಿದ್ದು, 8.6 ಮೀಟರ್ ಎತ್ತರ. ಆದರೆ ಅಮ್ಮ ಸಿಂಹದ ಕಡೆ ನೋಡಲೇ ಇಲ್ಲ. ನೀರಿನ ಆಚೆ ದಡದಲ್ಲಿ ಮೂರು ಗೋಪುರ, ಅವುಗಳ ಮೇಲೆ ಮಲಗಿಸಿದ ದೋಣಿ. ಬಿಸಿಲು ಇಳಿದು ಗಾಜೆಲ್ಲ ಕೆಂಪಾಗಿತ್ತು.

"ಎಲೆ ಜೋಡಿಸಿ ನಿಲ್ಲಿಸಿದ ಹಾಗಿದೆ," ಅಂದಳು ಅಮ್ಮ.

ಇಸ್ಪೀಟ್ ಎಲೆಗಳ ಮಾತು ಅವಳ ಬಾಯಿಂದ ತಾನಾಗಿಯೇ ಬಂತು. ಎರಡು ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತೇವಲ್ಲ, ಪ್ರತಿ ಗೋಪುರದ ಪಕ್ಕದ ನೋಟ ಹಾಗೇ ಇದೆ. ಇದನ್ನು ನೋಡಿದ ಎಷ್ಟೋ ಜನ ಈ ಮಾತನ್ನೇ ಹೇಳುತ್ತಾರೆ. ಇನ್ನು ಮುಚ್ಚಿಡುವುದು ಸರಿಯಲ್ಲ ಅನಿಸಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಕೆಳಗೆ ಜೂಜಿನ ಮನೆ ಇದೆ, ನಾವು ಆ ಕಡೆ ಹೋಗಬೇಕಾಗಿಲ್ಲ, ಬೇಡ ಅಂದರೆ ಬುಕಿಂಗ್ ಬಿಟ್ಟುಬಿಡೋಣ ಅಂತ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು.

"ದುಡ್ಡು ಕಟ್ಟಿದೀಯಲ್ಲ," ಅಂದಳು ಕೊನೆಗೆ. "ನಡಿ ನೋಡೋಣ."

ಎರಡನೇ ದಿನ

ಬೇಫ್ರಂಟ್ ಮೆಟ್ರೋ ನಿಲ್ದಾಣದಿಂದ ಹೊರಗೆ ಬಂದರೆ ಹೋಟೆಲು ಅಲ್ಲೇ. ರೂಮ್ ಕೊಡುವುದು ಮಧ್ಯಾಹ್ನ 3ಕ್ಕೆ. ಬೇಗ ಬಂದಿದ್ದರಿಂದ ಪೆಟ್ಟಿಗೆ ಕೊಟ್ಟು ಒಳಗೆ ಓಡಾಡಿದೆವು.

ಒಳಗೆ ನಿಂತ ಮೇಲೇ ಈ ಕಟ್ಟಡ ಅರ್ಥವಾಗುವುದು. ಪ್ರತಿ ಗೋಪುರಕ್ಕೂ ಎರಡು ಕಾಲು. ಒಂದು ನೆಟ್ಟಗಿದೆ. ಇನ್ನೊಂದು ಓರೆಯಾಗಿ ಬಂದು ಅದಕ್ಕೆ ಒರಗುತ್ತದೆ. 23ನೇ ಮಹಡಿಯಲ್ಲಿ ಎರಡೂ ಸೇರುತ್ತವೆ. ಆ ಎರಡು ಕಾಲುಗಳ ನಡುವಿನ ಜಾಗವೇ ಲಾಬಿ. ತಲೆ ಎತ್ತಿದರೆ ಮಹಡಿಗಳು ಒಂದರ ಮೇಲೊಂದು ಒಳಕ್ಕೆ ಬಾಗುತ್ತಾ ಹೋಗುತ್ತವೆ. ಉದ್ದಕ್ಕೂ ಆಳೆತ್ತರಕ್ಕಿಂತ ದೊಡ್ಡ ಕುಂಡಗಳಲ್ಲಿ ಮರಗಳು. ಅಂಥ ಕುಂಡ 83 ಇವೆ. ಅಮ್ಮ ಒಂದರ ಮೈ ಮುಟ್ಟಿ, ಬೆರಳಲ್ಲಿ ತಟ್ಟಿ ನೋಡಿದಳು. "ಮಣ್ಣಿಂದೇ," ಅಂದಳು.

ಇದನ್ನು ಕಲ್ಪಿಸಿದವರು ವಾಸ್ತುಶಿಲ್ಪಿ ಮೋಶೆ ಸಫ್ದಿ. ಕಟ್ಟಿಸಿದ್ದು ಅಮೆರಿಕದ ಲಾಸ್ ವೇಗಸ್ ಸ್ಯಾಂಡ್ಸ್ ಕಂಪನಿ. ಬಾಗಿಲು ತೆರೆದಿದ್ದು 2010ರ ಏಪ್ರಿಲ್‌ನಲ್ಲಿ. ನಾವು ನಿಂತಿದ್ದ ಜಾಗ ಹಿಂದೆ ಸಮುದ್ರವಾಗಿತ್ತು. ಮಣ್ಣು ತುಂಬಿ ಮಾಡಿದ ನೆಲ ಇದು. ಎದುರಿನ ಕೊಲ್ಲಿಯೂ ಈಗ ಸಮುದ್ರ ಅಲ್ಲ. 2008ರಲ್ಲಿ ಅಡ್ಡಗಟ್ಟೆ ಕಟ್ಟಿದ ಮೇಲೆ ಅದು ನಿಧಾನಕ್ಕೆ ಸಿಹಿನೀರಿನ ಕೆರೆಯಾಯಿತು, ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಕೆರೆ ಕಟ್ಟುವ ನಾಡಿನಿಂದ ಬಂದ ನಮಗೆ ಇದು ಬಹಳ ಹಿಡಿಸಿತು.

ಬಾಡಿಗೆ ಸ್ವಲ್ಪ ಕಡಿಮೆ ಅಂತ ತೋಟದ ಕಡೆಯ ರೂಮ್ ತೆಗೆದುಕೊಂಡಿದ್ದೆ. ಪರದೆ ಸರಿಸಿದಾಗ ಕೆಳಗೆ ಗಾರ್ಡನ್ಸ್ ಬೈ ದ ಬೇ, ಅದರಾಚೆ ಸಮುದ್ರ, ಸಮುದ್ರದಲ್ಲಿ ಲಂಗರು ಹಾಕಿ ನಿಂತ ಹಡಗುಗಳು. ಎಣಿಸಲು ಶುರು ಮಾಡಿ ನಲವತ್ತು ದಾಟಿದ ಮೇಲೆ ಬಿಟ್ಟೆ. ಅಮ್ಮ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೂತವಳು ಒಂದು ಗಂಟೆ ಏಳಲಿಲ್ಲ.

ಆಮೇಲೆ ಮೇಲಕ್ಕೆ ಹೋದೆವು. ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡಿತು. 57ನೇ ಮಹಡಿ, ನೆಲದಿಂದ ಸುಮಾರು 200 ಮೀಟರ್. ಆ ದೋಣಿಯ ಹೆಸರು ಸ್ಕೈಪಾರ್ಕ್. 340 ಮೀಟರ್ ಉದ್ದ ಇದೆ. ಅದರ ಒಂದು ತುದಿ ಕೆಳಗೆ ಯಾವ ಆಸರೆಯೂ ಇಲ್ಲದೆ 65 ಮೀಟರಿಗಿಂತ ಜಾಸ್ತಿ ಹೊರಗೆ ಚಾಚಿದೆ. ಉಕ್ಕಿನ ಭಾಗಗಳನ್ನು ನೆಲದಲ್ಲೇ ಜೋಡಿಸಿ, 14 ತುಂಡುಗಳಲ್ಲಿ ಜ್ಯಾಕ್ ಹಾಕಿ ಮೇಲಕ್ಕೆ ಎತ್ತಿದರಂತೆ. ಮೂರು ಗೋಪುರಗಳು ಗಾಳಿಗೆ ಬೇರೆ ಬೇರೆಯಾಗಿ ತುಸು ಓಲಾಡುತ್ತವೆ. ಅದಕ್ಕೇ ಅವುಗಳ ನಡುವೆ ಈಜುಕೊಳಕ್ಕೂ ಕೀಲು ಇಟ್ಟಿದ್ದಾರೆ.

ಮೇಲೆ ಮರಗಳಿವೆ. ಒಂದೆರಡಲ್ಲ, 250. ಕೊಳದ ಉದ್ದಕ್ಕೂ ತೆಂಗಿನ ಜಾತಿಯ ಮರಗಳು, ಗರಿ ಗಾಳಿಗೆ ಬಡಿದುಕೊಳ್ಳುವ ಅದೇ ಶಬ್ದ. ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು. "ಎಷ್ಟು ಜಾಗ ಇದೆ ಇದು ಒಟ್ಟು?"

1.2 ಹೆಕ್ಟೇರ್ ಅಂತ ಓದಿದ್ದೆ. ಮನಸ್ಸಲ್ಲೇ ಲೆಕ್ಕ ಹಾಕಿದೆ. ಹೇಳುವ ಮೊದಲು ಒಂದು ಕ್ಷಣ ತಡೆದೆ.

"ಮೂರು ಎಕರೆ ಅಮ್ಮ."

ಅವಳು ಏನೂ ಹೇಳಲಿಲ್ಲ. ಒಂದು ಮರದ ಬುಡಕ್ಕೆ ಹೋಗಿ ಮಣ್ಣು ಒದ್ದೆ ಇದೆಯಾ ಅಂತ ಮುಟ್ಟಿ ನೋಡಿದಳು.

ಸಂಜೆ ನನ್ನ ಹಳೆಯ ಗೆಳತಿ ಬಂದಳು. ಹಾಸನದವಳು. ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾಳೆ, ಪರ್ಮನೆಂಟ್ ರೆಸಿಡೆಂಟ್. ಮೂವರೂ ನೀರಿನ ಬದಿಯಲ್ಲಿ ಕೂತು 8 ಗಂಟೆಯ ಸ್ಪೆಕ್ಟ್ರಾ ನೋಡಿದೆವು. ಕೊಲ್ಲಿಯಲ್ಲಿ ಕಾರಂಜಿ, ಬೆಳಕು, ಸಂಗೀತ. ಹದಿನೈದು ನಿಮಿಷ, ಪುಕ್ಕಟೆ. ಚೆನ್ನಾಗಿದೆ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಗೆಳತಿಯ ಮಾತು.

ಈ ಕ್ಯಾಸಿನೊ ಒಳಗೆ ನಾನು ಮತ್ತು ಅಮ್ಮ ಪಾಸ್‌ಪೋರ್ಟ್ ತೋರಿಸಿ ಪುಕ್ಕಟೆ ಹೋಗಬಹುದು. ಅವಳು ಹೋಗಬೇಕಾದರೆ 150 ಸಿಂಗಪುರ ಡಾಲರ್ ಕಟ್ಟಬೇಕು. ನಮ್ಮ ಹತ್ತು ಸಾವಿರ ರೂಪಾಯಿ! ಅದೂ 24 ಗಂಟೆಗೆ ಮಾತ್ರ. ಈ ದೇಶದ ಪ್ರಜೆಗಳಿಗೂ ಇದೇ ನಿಯಮ. ಮೊದಲು 100 ಇತ್ತು, 2019ರಲ್ಲಿ ಏರಿಸಿದರು. ಒಳಗೆ ಎ.ಟಿ.ಎಂ. ಇಡುವ ಹಾಗಿಲ್ಲ. 21 ತುಂಬದವರಿಗೆ ಪ್ರವೇಶ ಇಲ್ಲ.

"ಇನ್ನೊಂದಿದೆ ಆಂಟಿ," ಅಂದಳು. "ಮನೆಯವರೇ ಅರ್ಜಿ ಹಾಕಬಹುದು. ಗಂಡನೋ ಮಗನೋ ಆಡಿ ಮನೆ ಹಾಳು ಮಾಡ್ತಿದ್ರೆ, ಅವರನ್ನ ಒಳಗೆ ಬಿಡಬೇಡಿ ಅಂತ. ವಿಚಾರಣೆ ಮಾಡಿ ಆರ್ಡರ್ ಕೊಡ್ತಾರೆ. ಆಮೇಲೆ ಗೇಟಲ್ಲೇ ತಡೀತಾರೆ."

ಅಮ್ಮ ಅವಳ ಕಡೆ ತಿರುಗಿ ಕೂತಳು. "ಯಾರು ಹಾಕಬಹುದು? ತಂಗಿ ಹಾಕಬಹುದಾ?"

ಒಡಹುಟ್ಟಿದವರೂ ಹಾಕಬಹುದು. ಆಟಗಾರರು ತಾವೇ ತಮ್ಮ ಮೇಲೆ ತಡೆ ಹಾಕಿಸಿಕೊಳ್ಳಬಹುದು. ದಿವಾಳಿಯಾದವರಿಗೆ, ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ತಡೆ ತಾನಾಗಿಯೇ ಬೀಳುತ್ತದೆ. ಸಿಂಗಪುರ ದಶಕಗಳ ಕಾಲ ಕ್ಯಾಸಿನೊ ಬೇಡ ಅಂದ ದೇಶ. 2005ರಲ್ಲಿ ಪ್ರಧಾನಿ ಲೀ ಸಿಯೆನ್ ಲೂಂಗ್ ಸಂಸತ್ತಿನಲ್ಲಿ ಒಪ್ಪಿಗೆಯ ನಿರ್ಧಾರ ಹೇಳಿದಾಗ ಜನರಲ್ಲಿ ವಿರೋಧ ಬಹಳ ಇತ್ತು. ಪ್ರವಾಸಿಗಳು ಬೇಕು, ಕೆಲಸಗಳು ಬೇಕು, ಆದರೆ ನಮ್ಮ ಮನೆಗಳು ಹಾಳಾಗಬಾರದು. ಈ ಎಳೆದಾಟದಲ್ಲಿ ಹುಟ್ಟಿದ ನಿಯಮಗಳು ಇವು. ಇಲ್ಲಿಯವರು ಇದನ್ನು ಕ್ಯಾಸಿನೊ ಅನ್ನುವುದಕ್ಕಿಂತ 'ಐ.ಆರ್.' ಅನ್ನುವುದೇ ಜಾಸ್ತಿ, ಇಂಟಿಗ್ರೇಟೆಡ್ ರೆಸಾರ್ಟ್ ಅಂತ. ಇಡೀ ಕಟ್ಟಡದಲ್ಲಿ ಜೂಜಿನ ಜಾಗ ಶೇಕಡ 3ಕ್ಕಿಂತ ಕಡಿಮೆ. ಆದರೆ ಗಳಿಕೆಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ.

ರಾತ್ರಿ ದೀಪ ಆರಿಸಿದ ಮೇಲೂ ಅಮ್ಮ ಮಲಗಿರಲಿಲ್ಲ. "ಅಂಥದ್ದೊಂದು ಅರ್ಜಿ ನಮ್ಮ ಕಡೆ ಇದ್ದಿದ್ರೆ ನಾನೇ ಹಾಕ್ತಿದ್ದೆ," ಅಂದಳು ಕತ್ತಲಲ್ಲಿ. "ಬೈದು ಬೈದು ದೂರ ಮಾಡ್ಕೊಂಡ್ವಿ ಅಷ್ಟೇ."

ಮೂರನೇ ದಿನ

ಬೆಳಿಗ್ಗೆ ಬೇಗ ಎದ್ದು ಕೊಳಕ್ಕೆ ಹೋದೆವು. ಇಲ್ಲಿ ನೀರಿಗೆ ಇಳಿಯಲು ಹೋಟೆಲಿನಲ್ಲಿ ಉಳಿದವರಿಗೆ ಮಾತ್ರ ಅವಕಾಶ, ರೂಮಿನ ಕಾರ್ಡ್ ತೋರಿಸಬೇಕು. ಕತ್ತಲೆ ಇನ್ನೂ ಪೂರ್ತಿ ಹರಿದಿರಲಿಲ್ಲ. ಅಷ್ಟು ಹೊತ್ತಿಗೇ ಇಪ್ಪತ್ತು ಮಂದಿ ಇದ್ದರು. ಸುಮಾರು 150 ಮೀಟರ್ ಉದ್ದದ ಕೊಳ, 14 ಲಕ್ಷ ಲೀಟರ್ ನೀರು.

ಫೋಟೋಗಳಲ್ಲಿ ನೀರು ನೇರವಾಗಿ ಆಕಾಶಕ್ಕೆ ಬೀಳುವ ಹಾಗೆ ಕಾಣುತ್ತದಲ್ಲ, ಆ ಅಂಚನ್ನು ಹತ್ತಿರದಿಂದ ನೋಡಬೇಕು ಅಂತ ನನಗೆ ಆಸೆ ಇತ್ತು. ನಡೆದುಕೊಂಡು ಹೋದೆ. ನೀರು ನನ್ನ ಎದೆಯ ಮಟ್ಟ. ಅಂಚಿನ ಗೋಡೆಯ ಮೇಲೆ ಕೈ ಇಟ್ಟೆ. ನೀರು ನನ್ನ ಬೆರಳುಗಳ ಮೇಲೆ ಗಾಜಿನ ಹಾಳೆಯಷ್ಟು ತೆಳ್ಳಗೆ ಹರಿದು ಆಚೆಗೆ ಜಾರುತ್ತಿತ್ತು. ಬೆರಳು ಎತ್ತಿದರೆ ಹಾಳೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ಕಾಲುವೆ ಇದೆ. ಜಾರಿದ ನೀರೆಲ್ಲ ಅದರೊಳಗೆ ಬಿದ್ದು, ಪಂಪಿನಿಂದ ವಾಪಸ್ ಕೊಳಕ್ಕೇ ಬರುತ್ತದೆ. ನಮ್ಮ ಕಣ್ಣಿನ ಮಟ್ಟದಿಂದ ಆ ಕಾಲುವೆ ಕಾಣುವುದಿಲ್ಲ. ಅಷ್ಟೇ ಇದರ ಗುಟ್ಟು. ಗುಟ್ಟು ಗೊತ್ತಾದ ಮೇಲೂ ನನ್ನ ಎದೆ ಬಡಿತ ಕಡಿಮೆ ಆಗಲಿಲ್ಲ.

ಕೊಳ ಊರಿನ ಕಡೆ, ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ಸಮುದ್ರದ ಕಡೆ. ಏಳು ಗಂಟೆಯ ಹೊತ್ತಿಗೆ ಎದುರಿನ ಬ್ಯಾಂಕ್ ಕಟ್ಟಡಗಳ ನೆತ್ತಿಯ ಗಾಜು ಹೊಳೆಯಿತು. ಬೆಳಕು ಒಂದೊಂದೇ ಮಹಡಿ ಕೆಳಗಿಳಿಯಿತು. ಅಮ್ಮ ಮೆಟ್ಟಿಲ ಮೇಲೆ ಕೂತು ಮೊಣಕಾಲವರೆಗೆ ಕಾಲು ಇಳಿಬಿಟ್ಟಿದ್ದಳು. "ಬೆಚ್ಚಗಿದೆ ಕಣೇ," ಅಂದಳು. ಅವಳ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ವರ್ಷವಾಗಿತ್ತು!

ಮಧ್ಯಾಹ್ನ ಮಳೆ. ಅಲ್ಲಿಯ ನವೆಂಬರ್ ಮಳೆ ಹನಿಯಾಗಿ ಶುರುವಾಗುವುದಿಲ್ಲ, ಒಮ್ಮೆಲೇ ಸುರಿಯುತ್ತದೆ. ಸಿಡಿಲಿನ ಎಚ್ಚರಿಕೆ ಬಂದು ಕೊಳ ಮುಚ್ಚಿದರು. ನಾವು ಪಕ್ಕದ ಆರ್ಟ್‌ಸೈನ್ಸ್ ಮ್ಯೂಸಿಯಂಗೆ ಹೋದೆವು. ಅರಳಿದ ತಾವರೆಯ ಹಾಗೆ ಹತ್ತು ಎಸಳಿನ ಕಟ್ಟಡ. ಅದರ ಚಾವಣಿ ಮಳೆನೀರನ್ನು ಬಟ್ಟಲಿನಂತೆ ಹಿಡಿಯುತ್ತದೆ. ಹಿಡಿದ ನೀರು ಕಟ್ಟಡದ ನಟ್ಟನಡುವೆ ಜಲಪಾತವಾಗಿ ಕೆಳಗಿನ ಕೊಳಕ್ಕೆ ಬೀಳುತ್ತದೆ. ಮಳೆ ಬಂದಿದ್ದರಿಂದ ಅದನ್ನು ತುಂಬಿ ಸುರಿಯುವಾಗಲೇ ನೋಡಿದೆವು. ಅಮ್ಮನಿಗೆ ತವರಿನ ತೊಟ್ಟಿ ಮನೆ ನೆನಪಾಯಿತು. ಅಲ್ಲೂ ನಡುಮನೆಯ ತೊಟ್ಟಿಗೆ ಮಳೆ ಹೀಗೇ ಬೀಳುತ್ತಿತ್ತು, ಅಣ್ಣ ತಂಗಿ ತಾಮ್ರದ ಬಿಂದಿಗೆ ಇಟ್ಟು ಹಿಡಿಯುತ್ತಿದ್ದರು.

ಮಳೆ ನಿಂತ ಮೇಲೆ ಸೇತುವೆ ದಾಟಿ ಗಾರ್ಡನ್ಸ್‌ಗೆ. ಕ್ಲೌಡ್ ಫಾರೆಸ್ಟ್ ಗಾಜಿನ ಮನೆಯ ಒಳಗೆ 35 ಮೀಟರಿನ ಜಲಪಾತ, ಮಂಜು, ಚಳಿ. ಸಂಜೆ 7.45ಕ್ಕೆ ಸೂಪರ್‌ಟ್ರೀ ಅನ್ನುವ, ಮರದ ಆಕಾರದ ಎತ್ತರದ ಗೋಪುರಗಳಿಗೆ ದೀಪ ಹತ್ತಿದಾಗ ಎಲ್ಲರ ಹಾಗೆ ನಾವೂ ನೆಲದ ಮೇಲೆ ಮಲಗಿ ನೋಡಿದೆವು.

ವಾಪಸ್ ಬರುವಾಗ ಅಮ್ಮ ನಿಂತಳು. "ಪಾಸ್‌ಪೋರ್ಟ್ ಇದೆಯಾ ಬ್ಯಾಗಲ್ಲಿ?"

"ಇದೆ. ಯಾಕೆ?"

"ಒಳಗೆ ಹೋಗಿ ಬರೋಣ. ನಾನು ಒಂದು ಸಲ ನೋಡಬೇಕು."

ಬಾಗಿಲಲ್ಲಿ ಸಾಲು ಬೇರೆ ಬೇರೆ, ಇಲ್ಲಿಯವರಿಗೆ ಒಂದು, ನಮ್ಮಂಥವರಿಗೆ ಒಂದು. ಪಾಸ್‌ಪೋರ್ಟ್ ನೋಡಿ ಬಿಟ್ಟರು. ಫೋಟೋ ತೆಗೆಯುವ ಹಾಗಿಲ್ಲ. ಒಳಗೆ ನಾಲ್ಕು ಮಹಡಿ, ನಡುವೆ ದೊಡ್ಡ ಬಯಲು ಜಾಗ, ಎಲ್ಲ ಕಡೆ ಬಂಗಾರದ ಬಣ್ಣ. ಕೆಳಗಿನ ಅಂಗಳದ ತುಂಬ ಮೇಜುಗಳು. ಗಲಾಟೆ ಇರುತ್ತೆ ಅಂದುಕೊಂಡಿದ್ದೆ. ಯಂತ್ರಗಳ ಟಿಂಟಿಣಿ ಬಿಟ್ಟರೆ ಜನ ಮೌನವಾಗಿದ್ದರು. ಹೆಚ್ಚಿನವರು ಒಬ್ಬರೇ ಬಂದವರು. ಅಮ್ಮನ ವಯಸ್ಸಿನ ಹೆಂಗಸರೂ ಬಹಳ ಮಂದಿ.

ರೂಲೆಟ್ ಚಕ್ರದ ಹತ್ತಿರ ನಿಂತು ಅಮ್ಮನಿಗೆ ಲೆಕ್ಕ ಹೇಳಿದೆ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆ. ಒಂದು ಮನೆಗೆ ಕಟ್ಟಿ ಗೆದ್ದರೆ 35 ಪಟ್ಟು, ಜೊತೆಗೆ ಕಟ್ಟಿದ್ದು ವಾಪಸ್. ತೆಂಗಿನಕಾಯಿ ಎಣಿಸುತ್ತಾ ಬೆಳೆದವಳು ಅವಳು. ಎರಡನೇ ಸಲ ಹೇಳಬೇಕಾಗಲಿಲ್ಲ. "ಮೂವತ್ತೇಳು ಮನೆಗೂ ಒಂದೊಂದು ಕಟ್ಟಿದ್ರೆ ಕೈಗೆ ಬರೋದು ಮೂವತ್ತಾರು. ಒಂದು ಅವರದ್ದು. ಯಾವಾಗಲೂ ಅವರದ್ದು."

ಆಮೇಲೆ ಬಾಕಾರಾ ಮೇಜು. ಎರಡು ಕಡೆ ಎಲೆ ಹಾಕುತ್ತಾರೆ, 9ಕ್ಕೆ ಹತ್ತಿರ ಬಂದ ಕಡೆ ಗೆದ್ದ ಹಾಗೆ. ಅರವತ್ತು ದಾಟಿದ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಪೆನ್ನು. ಅವರ ಮುಂದೆ ಎರಡು ಎಲೆ ಮಕಾಡೆ ಬಿದ್ದವು. ಅವರು ತಕ್ಷಣ ತಿರುಗಿಸಲಿಲ್ಲ. ಎರಡೂ ಕೈಯಿಂದ ಮುಚ್ಚಿ, ಮುಖ ಮೇಜಿನ ಹತ್ತಿರಕ್ಕೆ ತಂದು, ಹೆಬ್ಬೆರಳಿನಿಂದ ಎಲೆಯ ಒಂದು ಅಂಚನ್ನು ಕೂದಲೆಳೆಯಷ್ಟು ಎತ್ತಿದರು. ಮತ್ತೆ ಇಳಿಸಿದರು. ಇನ್ನೊಂದು ಮೂಲೆಯಿಂದ ಎತ್ತಿದರು. ಎಲೆ ಮಡಿಚಿ ಸುಕ್ಕಾಗಿತ್ತು. ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದರು.

ಅಮ್ಮ ನನ್ನ ತೋಳು ಹಿಡಿದುಕೊಂಡಳು. "ಅಣ್ಣ ಹೀಗೇ ನೋಡ್ತಿದ್ದ," ಅಂದಳು, ಬಹಳ ಮೆಲ್ಲಗೆ. "ಊಟಕ್ಕೆ ಕರೆಯೋಕೆ ಹೋದರೆ ನಾನು ಬಂದಿದ್ದೂ ಗೊತ್ತಾಗ್ತಿರಲಿಲ್ಲ. ಹೀಗೇ. ಇದೇ ಹೆಬ್ಬೆರಳು."

ಅವರು ಎಲೆ ತಿರುಗಿಸಿ ಎಸೆದರು. ಗೆದ್ದರೋ ಸೋತರೋ ಅವರ ಮುಖದಲ್ಲಿ ತಿಳಿಯಲಿಲ್ಲ. ಅಮ್ಮ ಇನ್ನೂ ಎರಡು ಆಟ ಮುಗಿಯುವವರೆಗೆ ಅಲ್ಲೇ ನಿಂತಿದ್ದಳು. ನಾನು ಕರೆಯಲಿಲ್ಲ. ಆಮೇಲೆ ಅವಳೇ ತಿರುಗಿ ನಡೆದಳು. ಹೊರಗೆ ಬಂದ ಮೇಲೆ ಅಂದಳು, "ಪಾಪ, ಅವನು ದುಡ್ಡು ಮಾಡೋಕೆ ಕೂತಿರಲಿಲ್ಲ ಅನ್ಸುತ್ತೆ. ಆ ಅಂಚು ಎತ್ತೋದು ಇದೆಯಲ್ಲ, ಅದಕ್ಕೇ ಕೂತಿದ್ದ." ಮಾವನ ಬಗ್ಗೆ ಅವಳ ಬಾಯಲ್ಲಿ 'ಪಾಪ' ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೇ ದಿನ

11ಕ್ಕೆ ರೂಮ್ ಬಿಡಬೇಕು. ಹೋಗುವ ಮೊದಲು ಅಮ್ಮನಿಗೆ ಇನ್ನೊಂದು ಸಲ ಮೇಲೆ ಹೋಗಿ ಆ ಮರಗಳನ್ನು ನೋಡಬೇಕು ಅನಿಸಿತು. ಹೋದೆವು. ಪಕ್ಕದಲ್ಲಿ ನಾಲ್ಕನೇ ಗೋಪುರವೂ ಬರಲಿದೆ. 2025ರ ಜುಲೈನಲ್ಲಿ ಗುದ್ದಲಿ ಪೂಜೆ ಆಯಿತು. ಅದರ ವಿನ್ಯಾಸವೂ ಸಫ್ದಿಯವರದ್ದೇ.

ತಿಂಡಿಗೆ ಕಾಯಾ ಟೋಸ್ಟ್ ತಿಂದೆವು. ಸುಟ್ಟ ಬ್ರೆಡ್ಡಿಗೆ ಬೆಣ್ಣೆ, ಮೇಲೆ ಕಾಯಾ ಅನ್ನುವ ಜ್ಯಾಮ್. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಕಾಸಿ ಮಾಡಿದ್ದು, ಪಂಡನ್ ಎಲೆಯ ಘಮ ಇರುತ್ತದೆ. ಅಮ್ಮ ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಅಂಗಡಿಯಲ್ಲಿ ಎರಡು ಬಾಟಲಿ ಕೊಂಡಳು.

ವಿಮಾನ ರಾತ್ರಿಗೆ ಇತ್ತು. ಚಾಂಗಿ ವಿಮಾನ ನಿಲ್ದಾಣಕ್ಕೆ ಬೇಗ ಹೋಗಿ, ಅಲ್ಲಿಯ ಜ್ಯುವೆಲ್ ಅನ್ನುವ ಗಾಜಿನ ಕಟ್ಟಡದಲ್ಲಿ ಸಮಯ ಕಳೆದೆವು. ಇದೂ ಸಫ್ದಿಯವರೇ ಮಾಡಿದ್ದು, 2019ರಲ್ಲಿ ತೆರೆಯಿತು. ಗಾಜಿನ ಚಾವಣಿಯ ನಡುವಿನ ತೂತಿನಿಂದ 40 ಮೀಟರ್ ನೀರು ಬೀಳುತ್ತದೆ. ಕಟ್ಟಡದೊಳಗಿನ ಜಲಪಾತಗಳಲ್ಲಿ ಇದೇ ಜಗತ್ತಿಗೆ ದೊಡ್ಡದು. ನಮ್ಮ ಜೋಗ 253 ಮೀಟರ್. ಆದರೆ ಜೋಗದ ಪಕ್ಕ ಹೀಗೆ ಬೆಂಚು ಹಾಕಿಕೊಂಡು ಕಾಫಿ ಕುಡಿಯೋಕೆ ಆಗಲ್ಲ ಅಲ್ವಾ! ಮಳೆ ಬಿದ್ದಾಗ ಆ ನೀರೂ ಇದರ ಜೊತೆ ಸೇರುತ್ತದೆ. ಚಾವಣಿಯನ್ನು ಮಳೆನೀರಿನ ಬಟ್ಟಲು ಮಾಡುವುದು ಈ ಮನುಷ್ಯನ ಕೈಗೆ ಹತ್ತಿದ ವಿದ್ಯೆ ಅನಿಸುತ್ತದೆ. ನಾನು ಅದನ್ನೇ ನೋಡುತ್ತಾ ಕೂತಿದ್ದೆ.

ಅಷ್ಟರಲ್ಲಿ ಅಮ್ಮ ತನ್ನ ಕೈಚೀಲ ಬಿಚ್ಚಿದಳು. ಕಾಯಾ ಬಾಟಲಿಗಳು ಅದರಲ್ಲೇ ಇದ್ದವು. ಇದನ್ನು ಕೈಯಲ್ಲಿ ಒಯ್ಯೋಕೆ ಬಿಡಲ್ಲ, ದೊಡ್ಡ ಪೆಟ್ಟಿಗೆಗೇ ಹಾಕಬೇಕು ಅಂದೆ. ಅವಳು ಪೆಟ್ಟಿಗೆಯನ್ನು ನೆಲಕ್ಕೆ ಮಲಗಿಸಿ ಬೀಗ ತೆಗೆದಳು. ಒಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಮೂಲೆಗೆ ತುರುಕಿದಳು. ಇನ್ನೊಂದಕ್ಕೆ ತನ್ನ ಹತ್ತಿ ಸೀರೆ ತೆಗೆದಳು. ನಾಲ್ಕು ಸುತ್ತು ಸುತ್ತಿ, ಸೆರಗು ಒಳಗೆ ಸಿಕ್ಕಿಸಿ, ಬಟ್ಟೆಗಳ ನಡುವೆ ಗುಂಡಿ ಮಾಡಿ ಇಟ್ಟಳು.

"ಅದು ಯಾರಿಗೆ?" ಅಂದೆ.

"ಅಣ್ಣನಿಗೆ. ತೆಂಗಿನ ಹಾಲಿಂದು, ಅವನಿಗೆ ಇಷ್ಟ ಆಗುತ್ತೆ." ಪೆಟ್ಟಿಗೆಯ ಮುಚ್ಚಳದ ಮೇಲೆ ಮೊಣಕಾಲು ಊರಿ ಜಿಪ್ ಎಳೆಯತೊಡಗಿದಳು. "ಸ್ವಲ್ಪ ಈ ಕಡೆ ಹಿಡ್ಕೊ ಬಾ."